ಅನ್ನನಾಳದ ಗೋಡೆ ದಪ್ಪ: ಆರ್93.3 ಹಾಕೋದಾ, ಕೆ22.89 ಹಾಕೋದಾ?

ಗೋಣಿಕೊಪ್ಪದಲ್ಲಿ ಮನೆಯಲ್ಲೇ ಕೂತು ಅಮೆರಿಕದ ಚಾರ್ಟುಗಳಿಗೆ, ಅಂದರೆ ರೋಗಿಗಳ ದಾಖಲೆಗಳಿಗೆ, ಕಾಯಿಲೆಯ ಕೋಡ್ ಹಾಕುವ ಕೆಲಸ ನನ್ನದು. ಜುಲೈ ಬಂತೆಂದರೆ ಕರೆಂಟನ್ನು ನಂಬುವ ಹಾಗಿಲ್ಲ. ಇನ್ವರ್ಟರ್ ಕಿರುಚುವುದರೊಳಗೆ ಕೈಯಲ್ಲಿದ್ದ ಚಾರ್ಟ್ ಮುಗಿಸಬೇಕು. ಆ ಅವಸರದಲ್ಲಿ ನಾನು ಜಾಸ್ತಿ ಎಡವಿದ್ದು ಒಂದೇ ಸಾಲಿನ ಮೇಲೆ: 'ಈಸೋಫೇಜಿಯಲ್ ವಾಲ್ ಥಿಕನಿಂಗ್'. ಅನ್ನನಾಳದ ಗೋಡೆ ದಪ್ಪಗಾಗಿದೆ, ಅಷ್ಟೆ.

ಐಸಿಡಿ-10-ಸಿಎಂ ಅಂದರೆ ಅಮೆರಿಕದಲ್ಲಿ ಬಳಸುವ ಕಾಯಿಲೆ ಕೋಡುಗಳ ಪಟ್ಟಿ. ಅದರ ಇಂಡೆಕ್ಸ್‌ನಲ್ಲಿ 'ಥಿಕನಿಂಗ್' ತೆಗೆದರೆ ಮೂಳೆ ಇದೆ, ಉಗುರು ಇದೆ, ಚರ್ಮ ಇದೆ. ಅನ್ನನಾಳ ಮಾತ್ರ ಇಲ್ಲ. ಹಾಗಾಗಿ ಒಬ್ಬೊಬ್ಬರದು ಒಂದೊಂದು ದಾರಿ. ಎಲ್ಲವನ್ನೂ ನಾನು ಹಾಕಿ ನೋಡಿದ್ದೇನೆ.

ಮೊದಲು ಹಿಡಿದದ್ದು ಕೆ22.89. 'ಅನ್ನನಾಳದ ಇತರ ನಿರ್ದಿಷ್ಟ ಕಾಯಿಲೆ' ಎಂದು ಇದರ ಅರ್ಥ. 2021ರ ಅಕ್ಟೋಬರ್ 1ರಿಂದ ಹಳೆಯ ಕೆ22.8 ಒಡೆದು ಮೂರಾಯಿತು: ಕೆ22.81 ಅನ್ನನಾಳದ ಒಳಗೋಡೆಯಲ್ಲಿ ಬೆಳೆಯುವ ಗಂಟಿಗೆ, ಅಂದರೆ ಪಾಲಿಪ್‌ಗೆ, ಕೆ22.82 ಅನ್ನನಾಳ ಮತ್ತು ಜಠರ ಸೇರುವ ಜಾಗದ ಪಾಲಿಪ್‌ಗೆ, ಉಳಿದದ್ದೆಲ್ಲ ಕೆ22.89ಕ್ಕೆ. 'ನಿರ್ದಿಷ್ಟ' ಅನ್ನುವ ಮಾತು ಕಂಡು ನನಗೆ ಖುಷಿಯಾಗಿತ್ತು. ಗೋಡೆ ದಪ್ಪ ಅನ್ನುವುದೂ ನಿರ್ದಿಷ್ಟವೇ ಅಲ್ವಾ? ಒಂದು ತಿಂಗಳು ಎಲ್ಲದಕ್ಕೂ ಅದನ್ನೇ ಹಾಕಿದೆ. ಆಮೇಲೆ ಆಡಿಟ್‌ನಿಂದ ಚಾರ್ಟುಗಳು ವಾಪಸ್ ಬಂದವು. ಒಂದರ ಪಕ್ಕದಲ್ಲಿ ಬರೆದಿದ್ದರು: 'ಈ ಮಾತು ಯಾರದು?' ತೆಗೆದು ನೋಡಿದರೆ ಸಿಟಿ ಸ್ಕ್ಯಾನ್ ಓದಿದ ರೇಡಿಯಾಲಜಿಸ್ಟರದು. ರೋಗಿಯನ್ನು ನೋಡಿದ ಡಾಕ್ಟರ್ ಬರೆದದ್ದು ಎದೆಯುರಿ ಅಂತ ಮಾತ್ರ. ಸ್ಕ್ಯಾನ್‌ನಲ್ಲಿ ಕಂಡದ್ದನ್ನು ನಾನೇ ಕಾಯಿಲೆ ಮಾಡಿಬಿಟ್ಟಿದ್ದೆ.

ಆರ್93.3 ಕಡೆ ತಿರುಗಿದ್ದು ಆಗ. ಜೀರ್ಣಾಂಗದ ಇತರ ಭಾಗಗಳ ಸ್ಕ್ಯಾನ್‌ನಲ್ಲಿ ಕಂಡ ಅಸಹಜತೆಗೆ ಈ ಕೋಡ್. ಕಾಯಿಲೆಯ ಹೆಸರು ಹೇಳುವುದೇ ಇಲ್ಲ. ಮೊದಮೊದಲು ಕೈ ತೊಳೆದುಕೊಳ್ಳುವ ಕೋಡ್ ಅನಿಸುತ್ತಿತ್ತು. ಆದರೆ ಸ್ಕ್ಯಾನ್‌ನ ಸ್ಥಿತಿಯೂ ಅಷ್ಟೇ. ಅನ್ನನಾಳ ಚೆನ್ನಾಗಿ ಹಿಗ್ಗಿದ್ದಾಗ ಗೋಡೆ 3 ಮಿಲಿಮೀಟರ್ ಒಳಗಿರುತ್ತದೆ, 5 ದಾಟಿದರೆ ಸಾಮಾನ್ಯವಾಗಿ ಅಸಹಜ ಅನ್ನುತ್ತಾರೆ. ಮುದುಡಿಕೊಂಡಿದ್ದರೆ ಏನೂ ಇಲ್ಲದಿದ್ದರೂ ದಪ್ಪ ಕಾಣುತ್ತದೆ. ಆಸಿಡ್ ಮೇಲೆ ಬಂದು ಆದ ಉರಿಯೂತ, ಫಂಗಸ್, ಅಲರ್ಜಿ, ರೇಡಿಯೇಷನ್, ಊದಿದ ರಕ್ತನಾಳ, ಕ್ಯಾನ್ಸರ್, ಎಲ್ಲವೂ ಗೋಡೆಯನ್ನು ದಪ್ಪ ಮಾಡಬಲ್ಲವು. ಯಾವುದು ಅಂತ ಸ್ಕ್ಯಾನ್ ಒಂದೇ ಹೇಳುವುದು ಕಷ್ಟ. ಅಂಥ ಹೊತ್ತಿನಲ್ಲಿ 'ಏನೋ ಕಂಡಿದೆ' ಅನ್ನುವ ಕೋಡೇ ನಿಜ ಹೇಳುವ ಕೋಡ್. ನುಂಗಲು ಕಷ್ಟ ಅಂತ ಸ್ಕ್ಯಾನ್ ಮಾಡಿಸಿದ್ದರೆ ಜೊತೆಗೆ ಆರ್13.10.

ಆದರೆ ಇದನ್ನೂ ಕಣ್ಣು ಮುಚ್ಚಿ ಹಾಕುವ ಹಾಗಿಲ್ಲ. ಹೊರರೋಗಿ ಚಾರ್ಟ್‌ನಲ್ಲಿ ರೇಡಿಯಾಲಜಿಸ್ಟರ ವರದಿಯೇ ಕೋಡ್ ಮಾಡುವ ದಾಖಲೆಯಾದಾಗ ಸಲೀಸು. ಒಳರೋಗಿ ಚಾರ್ಟ್‌ನಲ್ಲಿ ಚಿಕಿತ್ಸೆ ಕೊಡುವ ಡಾಕ್ಟರ್ ಅದಕ್ಕೆ ಬೆಲೆ ಕೊಟ್ಟು ಬರೆದಿರಬೇಕು. ಬರೀ ವರದಿಯ ಮೂಲೆಯಲ್ಲಿದ್ದರೆ ಆರ್93.3 ಕೂಡ ಹಾಕಬಾರದು.

ಕೆ22.9 ಬಗ್ಗೆ ಹೇಳಲು ಹೆಚ್ಚಿಲ್ಲ. 'ಅನ್ನನಾಳದ ಯಾವುದೋ ಕಾಯಿಲೆ'. ಎರಡು ಸಲ ಹಾಕಿದೆ, ಎರಡು ಸಲವೂ ಬೈಸಿಕೊಂಡೆ.

ನಾಲ್ಕನೆಯ ದಾರಿ ಡಾಕ್ಟರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಪ್ರಶ್ನೆ, ಕಳಿಸುವುದು. 'ಇದು ಈಸೋಫಜೈಟಿಸ್ (ಅನ್ನನಾಳದ ಉರಿಯೂತ) ತಾನೇ?' ಅಂತ ಕೇಳುವಂತಿಲ್ಲ, ಅದು ಉತ್ತರವನ್ನು ಬಾಯಿಗೆ ತುರುಕಿದ ಹಾಗೆ. ಚಾರ್ಟ್‌ನಲ್ಲಿರುವ ಸಂಗತಿ ಮುಂದಿಟ್ಟು, ಹೊಂದುವ ಆಯ್ಕೆಗಳ ಜೊತೆ 'ಬೇರೆ' ಮತ್ತು 'ಹೇಳಲಾಗದು' ಅನ್ನುವುದನ್ನೂ ಸೇರಿಸಿ ಕೇಳಬೇಕು. ಉತ್ತರ ಬರುವ ಹೊತ್ತಿಗೆ ಆ ದಿನ ನಾನು ಮುಗಿಸಬೇಕಾದ ಚಾರ್ಟುಗಳ ಲೆಕ್ಕ ತಪ್ಪಿರುತ್ತದೆ. ಆದರೂ ಒಳರೋಗಿ ಚಾರ್ಟ್‌ನಲ್ಲಿ ಗೋಡೆ ದಪ್ಪ, ಎಂಡೋಸ್ಕೋಪಿ, ಔಷಧಿ ಮೂರೂ ಇದ್ದು ಕಾಯಿಲೆಯ ಹೆಸರೇ ಇಲ್ಲದಿದ್ದರೆ ನಾನು ಕ್ವೆರಿಗೇ ಹೋಗುತ್ತೇನೆ.

ಎಂಡೋಸ್ಕೋಪಿ ಆದ ಮೇಲೆ ಆಟವೇ ಬೇರೆ. ಆಸಿಡ್‌ನಿಂದ ಉರಿಯೂತ, ರಕ್ತಸ್ರಾವ ಇಲ್ಲ ಅಂತ ಬರೆದರೆ ಕೆ21.00. ಕಿರಿದಾಗಿದ್ದರೆ ಕೆ22.2. ಏನೂ ಸಿಗದಿದ್ದರೆ ಮತ್ತೆ ಆರ್93.3. ಹೆದರಬೇಕಾದ್ದು ಸಿ15.5ಕ್ಕೆ, ಅಂದರೆ ಅನ್ನನಾಳದ ಕೆಳಭಾಗದ ಕ್ಯಾನ್ಸರ್. 'ಕ್ಯಾನ್ಸರ್ ಇರಬಹುದು' ಅಂತ ವರದಿಯಲ್ಲಿ ಕಂಡ ಕೂಡಲೇ ಹೊಸಬರು ಅದನ್ನು ಹಾಕಿಬಿಡುತ್ತಾರೆ. ಹೊರರೋಗಿ ಚಾರ್ಟ್‌ನಲ್ಲಿ 'ಇರಬಹುದು', 'ಅನುಮಾನ' ಯಾವುದನ್ನೂ ಕಾಯಿಲೆ ಅಂತ ಕೋಡ್ ಮಾಡುವಂತಿಲ್ಲ.

ಇದರ ಬಿಸಿ ನನಗೆ ತಟ್ಟಿದ್ದು ಪಕ್ಕದ ತೋಟದ ಮಾವನಿಂದ. ಒಂದು ಸಂಜೆ ಮಳೆಯಲ್ಲಿ ಪ್ಲಾಸ್ಟಿಕ್ ಹೊದ್ದು ಬಂದರು. ಬನಿಯನ್ ಒಳಗಿಂದ ಸಿಟಿ ವರದಿ ತೆಗೆದು ಟೇಬಲ್ ಮೇಲೆ ಹರಡಿದರು. ಕವರ್ ಒದ್ದೆ, ಕಾಗದ ಒಣಗಿತ್ತು.

'ನೀನು ಇದೇ ಕೆಲಸ ಮಾಡೋದಲ್ವಾ ಮಗಾ? ದಪ್ಪ ಅಂದ್ರೆ ಗಡ್ಡೆನಾ?'

ಕೆಳಗಿನ ಭಾಗದಲ್ಲಿ 7 ಮಿಲಿಮೀಟರ್, ಎಂಡೋಸ್ಕೋಪಿ ಮಾಡಿಸಿ ಅಂತಿತ್ತು. ಮೂಲೆಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಸಿ15 ಅಂತ ಗೀಚಿದ್ದರು, ಮುಂದೆ ಪ್ರಶ್ನೆ ಚಿಹ್ನೆ.

'ನಾನು ಡಾಕ್ಟರ್ ಅಲ್ಲ ಮಾವ. ಆದರೆ ಇದರಲ್ಲಿ ಗಡ್ಡೆ ಅಂತ ಎಲ್ಲೂ ಬರೆದಿಲ್ಲ. ಎಂಡೋಸ್ಕೋಪಿ ಮಾತ್ರ ತಪ್ಪಿಸಬೇಡಿ' ಎಂದೆ. ಪೆನ್ಸಿಲ್ ಗೀಟಿನ ಅರ್ಥ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಮೈಸೂರಿಗೆ ಹೋಗಿ ಎಂಡೋಸ್ಕೋಪಿ, ಬಯಾಪ್ಸಿ ಎರಡೂ ಮಾಡಿಸಿ ಬಂದರು. ಆಸಿಡ್‌ನಿಂದ ಆದ ಉರಿಯೂತ. ಸಮ್ಮರಿಯಲ್ಲಿ ಕೆ21.0 ಅಂತಿತ್ತು. ನಮ್ಮಲ್ಲಿ ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10ರಲ್ಲಿ ಅಮೆರಿಕದ ಹಾಗೆ ಕೊನೆಗೆ ಇನ್ನೊಂದು ಸೊನ್ನೆ ಇಲ್ಲ. ರಾತ್ರಿ ಊಟ ಬೇಗ ಮುಗಿಸಿ ಅಂದಿದ್ದಾರಂತೆ. ಪಂದಿಕರಿ ತಿಂದ ರಾತ್ರಿ ಅದು ನಡೆಯಲ್ಲ ಅಂತ ಅತ್ತೆ ಈಗಲೂ ದೂರುತ್ತಾರೆ.