ಶಿರಸಿ ಸೀಮೆಗೆ ಮಕ್ಕಳೊಂದಿಗೆ ಬರುವವರಿಗೆ: ನಾವು ಕಂಡ ಮೂರು ಬಗೆಯ ಶಾಲೆಗಳು

ಬೆಂಗಳೂರು ಬಿಟ್ಟು ಘಟ್ಟದ ಮೇಲಿನ ಊರುಗಳಿಗೆ ಮರಳಲು ಯೋಚಿಸುವ ಪರಿಚಿತರು ನಮ್ಮನ್ನು ಮೊದಲು ಇಂಟರ್ನೆಟ್ಟಿನ ಬಗ್ಗೆ ಕೇಳುತ್ತಾರೆ, ನಂತರ ಶಾಲೆಯ ಬಗ್ಗೆ. ನಮ್ಮ ಮಗಳು ನಾಲ್ಕನೆಯ ತರಗತಿಗೆ ಬರುವ ವರ್ಷ ನಾವು ಶಿರಸಿ ತಾಲ್ಲೂಕಿನ ಒಂದು ಹಳ್ಳಿಗೆ ಬಂದೆವು. ಅವಳು ನಾಲ್ಕು ಮತ್ತು ಐದನ್ನು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಆರು ಮತ್ತು ಏಳನ್ನು ಪೇಟೆಯ ಖಾಸಗಿ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದಿ, ಈಗ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಯಲ್ಲಿದ್ದಾಳೆ. ಮಗ ಒಂದನೆಯ ತರಗತಿಯಿಂದಲೂ ಊರಿನ ಶಾಲೆಯಲ್ಲೇ ಇದ್ದು ಈಗ ನಾಲ್ಕಕ್ಕೆ ಬಂದಿದ್ದಾನೆ. ಮೂರನ್ನೂ ನಾವು ಹತ್ತಿರದಿಂದ ನೋಡಿದ್ದೇವೆ.

ಹೋಲಿಕೆಗೆ ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಉತ್ತರ ಕನ್ನಡ ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಕರಾವಳಿಯ ತಾಲ್ಲೂಕುಗಳು ಕಾರವಾರ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ; ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ ಮತ್ತು ಜೋಯಿಡಾ ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಶಿರಸಿಯ ಹೆಸರು ಬೇರೆಯಾಗಿ ಕಾಣುವುದು ಇದೇ ಕಾರಣಕ್ಕೆ. ಹಾಗಿದ್ದರೂ ಪಾಲಕರ ದಿನನಿತ್ಯದ ಕೆಲಸಗಳಿಗೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯೇ ಸಾಕಾಗುತ್ತದೆ. ಹಳೆಯ ಶಾಲೆಯ ವರ್ಗಾವಣೆ ಪತ್ರವನ್ನೂ ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನೂ (ಪ್ರತಿ ವಿದ್ಯಾರ್ಥಿಗೆ ಇಲಾಖೆ ಕೊಡುವ ಗುರುತಿನ ಸಂಖ್ಯೆ) ಜೊತೆಯಲ್ಲಿಟ್ಟುಕೊಂಡು ಬಂದರೆ ದಾಖಲಾತಿ ಕಷ್ಟವಾಗದು.

ಊರಿನ ಶಾಲೆ ನಮ್ಮ ಮನೆಯಿಂದ ನಡೆದರೆ ಹದಿನೈದು ನಿಮಿಷ. ತೋಟದ ಅಂಚಿನಲ್ಲಿ ನಡೆದು, ಹಳ್ಳದ ಮೇಲಿನ ಒಂದು ಕಾಲುಸಂಕ (ಕಿರುಸೇತುವೆ) ದಾಟಿ, ಸಣ್ಣ ದಿಬ್ಬ ಹತ್ತಿದರೆ ಶಾಲೆ. ಜುಲೈ ತಿಂಗಳಲ್ಲಿ ಕಾಲಿಗೆ ಉಂಬಳ (ಜಿಗಣೆ) ಹತ್ತುವುದು, ಹಳ್ಳ ತುಂಬಿದ ದಿನ ಯಾರಾದರೂ ದೊಡ್ಡವರು ಸಂಕದವರೆಗೆ ಹೋಗಿ ನಿಲ್ಲಬೇಕಾಗುವುದು ಇಲ್ಲಿಯ ಬದುಕಿನ ಭಾಗ. ಮಕ್ಕಳು ಇಲ್ಲಿ ಶಿಕ್ಷಕಿಯರನ್ನು ಅಕ್ಕೋರೆಂದೂ ಶಿಕ್ಷಕರನ್ನು ಮಾಸ್ತರರೆಂದೂ ಕರೆಯುತ್ತಾರೆ. ಅಕ್ಕೋರಿಗೆ ಪ್ರತಿ ಮಗುವಿನ ಮನೆ ಗೊತ್ತು. ಮಗ ಎರಡು ದಿನ ಹೋಗದಿದ್ದರೆ ಮೂರನೆಯ ದಿನ ಫೋನು ಬರುತ್ತದೆ. ಮೂರನೆಯ ತರಗತಿಯವರೆಗೆ ನಲಿ-ಕಲಿ ಇರುವುದರಿಂದ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕುಳಿತು, ತಮ್ಮ ಕಲಿಕೆಯ ಮೆಟ್ಟಿಲಿನ ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುತ್ತಾರೆ. ಇದರ ಬಗ್ಗೆ ನನಗೆ ಮೊದಲು ಅನುಮಾನವಿತ್ತು, ಆದರೆ ಮಗ ಎರಡನೆಯ ತರಗತಿಯ ನಡುವಿನ ಹೊತ್ತಿಗೆ ಪತ್ರಿಕೆಯ ತಲೆಬರಹಗಳನ್ನು ತಡವರಿಸದೆ ಓದತೊಡಗಿದಾಗ ಆ ಅನುಮಾನ ಹೋಯಿತು. ಬಿಸಿಯೂಟ, ಹಾಲು, ಪಠ್ಯಪುಸ್ತಕ, ಸಮವಸ್ತ್ರ ಎಲ್ಲವೂ ಉಚಿತ.

ಈ ಶಾಲೆಯ ಕೊರತೆಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯವರೆಗಿನ ಶಾಲೆಯಲ್ಲಿ ಮಕ್ಕಳು 60ರೊಳಗಿದ್ದರೆ ಇಬ್ಬರು ಶಿಕ್ಷಕರಿರಬೇಕು. ಅಂದರೆ ಎಲ್ಲವೂ ಸರಿಯಿದ್ದಾಗಲೂ ಐದು ತರಗತಿಗಳಿಗೆ ಇಬ್ಬರೇ. ಒಬ್ಬರು ತರಬೇತಿಗೋ ಜನಗಣತಿಯಂಥ ಕೆಲಸಕ್ಕೋ ಹೋದರೆ ಉಳಿದವರೊಬ್ಬರೇ ಎಲ್ಲವನ್ನೂ ನಿಭಾಯಿಸಬೇಕು. ನಮ್ಮೂರಿನಲ್ಲಿ ಏಳನೆಯವರೆಗೆ ತರಗತಿಗಳಿದ್ದು ಶಿಕ್ಷಕರು ನಾಲ್ವರಿದ್ದದ್ದು ನಮ್ಮ ಭಾಗ್ಯ. ಆದರೂ ಮಗಳು ಐದನೆಯಲ್ಲಿದ್ದಾಗ ಒಬ್ಬರ ವರ್ಗಾವಣೆಯಾಗಿ, ಅತಿಥಿ ಶಿಕ್ಷಕರು ಬರುವವರೆಗೆ ಅವಳ ಗಣಿತ ಹಿಂದೆ ಬಿತ್ತು. ಇಂಗ್ಲಿಷನ್ನು ಓದಲು ಕಲಿತಳು, ಮಾತನಾಡಲು ಕಲಿಯಲಿಲ್ಲ.

ಆ ಆತಂಕದಲ್ಲೇ ಅವಳನ್ನು ಪೇಟೆಯ ಶಾಲೆಗೆ ಸೇರಿಸಿದೆವು. ಅಲ್ಲಿ ಪ್ರತಿ ವಿಷಯಕ್ಕೂ ಬೇರೆ ಶಿಕ್ಷಕರಿದ್ದರು, ಕಂಪ್ಯೂಟರ್ ಕೋಣೆ ಇತ್ತು, ಮೊದಲ ಆರು ತಿಂಗಳಲ್ಲೇ ಅವಳ ಇಂಗ್ಲಿಷ್ ಮಾತು ಬಿಡುಬೀಸಾಯಿತು. ಆದರೆ ವ್ಯಾನು ಬೆಳಿಗ್ಗೆ ಏಳೂಕಾಲಿಗೆ ಬಂದು, ಹಳ್ಳಿಗಳನ್ನೆಲ್ಲ ಸುತ್ತಿ ಮಕ್ಕಳನ್ನು ಹತ್ತಿಸಿಕೊಂಡು ಹೋಗಿ, ಸಂಜೆ ಐದೂವರೆಗೆ ಅವಳನ್ನು ಮನೆಗೆ ಬಿಡುತ್ತಿತ್ತು. ದಿನಕ್ಕೆ ಸುಮಾರು ಮೂರು ಗಂಟೆ ವ್ಯಾನಿನಲ್ಲೇ ಕಳೆಯುತ್ತಿತ್ತು. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಇನ್ನೂ ಹೆಚ್ಚು. ಎರಡು ವರ್ಷಗಳಲ್ಲಿ ಅವಳ ಗಣಿತಕ್ಕೆ ಮೂವರು ಶಿಕ್ಷಕರು ಬದಲಾದರು. ಅವರ ಶ್ರದ್ಧೆಯಲ್ಲಿ ಲೋಪವಿರಲಿಲ್ಲ. ಖಾಸಗಿ ಶಾಲೆಯ ಸಂಬಳ ಅವರನ್ನು ನಿಲ್ಲಗೊಡಲಿಲ್ಲ ಎಂದು ನಾನು ತಿಳಿದಿದ್ದೇನೆ. ಇಂಥ ಶಾಲೆಯಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯಡಿಯ ಉಚಿತ) ಸೀಟು ಸಿಗಬಹುದೆಂದು ನಂಬಿ ಬರುವವರು ಒಂದು ವಿಷಯ ತಿಳಿದಿರಬೇಕು: ಕರ್ನಾಟಕದಲ್ಲಿ 2019ರ ತಿದ್ದುಪಡಿಯ ನಂತರ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಆ ಸೀಟು ಹಂಚಿಕೆಯಾಗುವುದಿಲ್ಲ.

ಅನುದಾನಿತ ಪ್ರೌಢಶಾಲೆಯಲ್ಲಿ ನಾವು ಕಳೆದಿರುವುದು ಕೆಲವೇ ತಿಂಗಳು. ಸರ್ಕಾರದಿಂದ ಸಂಬಳ ಪಡೆಯುವ, ಬಹುಕಾಲದಿಂದ ಅಲ್ಲೇ ಇರುವ ಶಿಕ್ಷಕರು, ಆಡಳಿತ ಮಂಡಳಿಯ ಕಾಳಜಿ, ದೊಡ್ಡ ಮೈದಾನ ಇವು ನನಗೆ ಮೆಚ್ಚುಗೆಯಾದವು. ಸಾರಿಗೆ ಸಂಸ್ಥೆಯ ಬಸ್ಸು ನೇರವಾಗಿ ಹೋಗುವುದರಿಂದ ಪ್ರಯಾಣ ಅರ್ಧದಷ್ಟು ಕಡಿಮೆಯಾಯಿತು. ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಪ್ರಥಮ ಭಾಷೆಯಾಗಿ ಕನ್ನಡ ದ್ವಿತೀಯವಾಗಿತ್ತು. ಇಲ್ಲಿ ಅದು ತಿರುವುಮುರುವಾಯಿತು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125 ಇರುವುದರಿಂದ ಇದನ್ನು ಎಂಟನೆಯ ತರಗತಿಗೆ ಸೇರಿಸುವ ಮೊದಲೇ ವಿಚಾರಿಸಬೇಕು. ಹಳಗನ್ನಡದ ಪದ್ಯ ಬಂದಾಗ ಮಗಳ ಕೈಹಿಡಿದದ್ದು ಊರಿನ ಶಾಲೆಯ ಆ ಎರಡು ವರ್ಷಗಳ ಕನ್ನಡ.

ಮುಂಡಗೋಡ ತಾಲ್ಲೂಕಿನ ನವೋದಯ ವಿದ್ಯಾಲಯವನ್ನು ನಾವು ಒಳಗಿನಿಂದ ಕಂಡಿಲ್ಲ, ಆದ್ದರಿಂದ ಹೋಲಿಕೆಗೆ ತರುವುದಿಲ್ಲ. ಆದರೆ ಸಣ್ಣ ಮಕ್ಕಳೊಂದಿಗೆ ಬರುವವರಿಗೆ ಒಂದು ಮಾತು ಹೇಳಲೇಬೇಕು. ಆರನೆಯ ತರಗತಿಯ ಪ್ರವೇಶ ಪರೀಕ್ಷೆಯಲ್ಲಿ ಕನಿಷ್ಠ ಶೇಕಡಾ 75ರಷ್ಟು ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲು, ಮತ್ತು ಆ ಮೀಸಲಿಗೆ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ಮೂರನೆಯದನ್ನು ಬೆಂಗಳೂರಿನಲ್ಲಿ ಮುಗಿಸಿ ಬಂದ ನಮ್ಮ ಮಗಳು ಈ ಒಂದು ವರ್ಷದಿಂದಾಗಿ ಆ ಮೀಸಲಿನ ಅರ್ಹತೆ ಕಳೆದುಕೊಂಡಳು.

ನನ್ನನ್ನು ಕೇಳುವವರಿಗೆ ನಾನು ಹೇಳುವುದಿಷ್ಟು: ಮಾಧ್ಯಮವನ್ನೂ ಕಟ್ಟಡವನ್ನೂ ಆಮೇಲೆ ನೋಡಿ, ಮೊದಲು ದಾರಿಯನ್ನೂ ಶಿಕ್ಷಕರ ಸಂಖ್ಯೆಯನ್ನೂ ನೋಡಿ. ಶಾಲೆ ನೋಡಲು ಬರುವುದಾದರೆ ಏಪ್ರಿಲ್ ರಜೆಯಲ್ಲಿ ಬೇಡ, ಜುಲೈ ತಿಂಗಳಲ್ಲಿ ಬನ್ನಿ. ಕಾಯಂ ಶಿಕ್ಷಕರೆಷ್ಟು, ಅತಿಥಿ ಶಿಕ್ಷಕರೆಷ್ಟು ಎಂಬುದನ್ನು ಮುಖ್ಯೋಪಾಧ್ಯಾಯರಲ್ಲಿ ಸಂಕೋಚವಿಲ್ಲದೆ ಕೇಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಪಾಲಕರು ಬರುತ್ತಾರೆಯೇ ಎಂದೂ ವಿಚಾರಿಸಿ. ನಮ್ಮೂರಿನಲ್ಲಿ ಪ್ರತಿ ವರ್ಷ ಮಳೆಗೆ ಮುನ್ನ ಪಾಲಕರೇ ಸೇರಿ ಕಾಲುಸಂಕವನ್ನು ಸರಿಪಡಿಸುತ್ತೇವೆ. ಮಗನನ್ನು ಏಳನೆಯವರೆಗೂ ಊರಿನ ಶಾಲೆಯಲ್ಲೇ ಇರಿಸಲು ನಿರ್ಧರಿಸಿದ್ದೇವೆ. ಅವನ ಇಂಗ್ಲಿಷ್ ಮಾತಿಗಾಗಿ ಸಂಜೆ ಅರ್ಧ ಗಂಟೆ ಅಕ್ಕನೇ ಜೊತೆ ಕೂರುತ್ತಾಳೆ, ಮತ್ತು ಈಗ ಪಕ್ಕದ ಮನೆಯ ಇಬ್ಬರು ಮಕ್ಕಳೂ ಬಂದು ಸೇರಿಕೊಂಡಿದ್ದಾರೆ.