ಎಟಿವಿ ಏರ್‌ಬಾಕ್ಸ್ ಮುಚ್ಚಳ: ತೂತು ಕೊರೆಯುವುದಾ, ದಪ್ಪ ಪೈಪ್ ಹಾಕುವುದಾ?

ಎಟಿವಿ ಅಂದರೆ ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ, ಅದರ ಏರ್ ಫಿಲ್ಟರ್ ಕೂರುವ ಪೆಟ್ಟಿಗೆಯೇ ಏರ್‌ಬಾಕ್ಸ್. ಇಂಜಿನ್‌ಗೆ ಗಾಳಿ ಜಾಸ್ತಿ ಹೋಗಲಿ ಅಂತ ಅದರ ಮುಚ್ಚಳಕ್ಕೆ ಕೈ ಹಾಕುವವರು ಮೊದಲು ಕೇಳುವುದು ಎಷ್ಟು ದೊಡ್ಡ ತೂತು ಕೊರೆಯಬೇಕು ಅಂತ. ನಾನು ಮೊದಲು ಕೇಳುವುದು ಆ ತೂತು ಯಾವ ಕಡೆ ಮುಖ ಮಾಡಿರಬೇಕು ಅಂತ. ಗಾಳಿಗೆ ದಾರಿ ಮಾಡುವುದು ಸುಲಭ. ಅದೇ ದಾರಿಯಲ್ಲಿ ನೀರು ಬರದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ.

ನನ್ನದು 400 ಸಿಸಿ, ಒಂದು ಸಿಲಿಂಡರ್, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಗಾಡಿ. ಏರ್‌ಬಾಕ್ಸ್ ಸೀಟಿನ ಕೆಳಗಿದೆ. ಮುಚ್ಚಳದಲ್ಲಿ ಗಾಳಿ ಬರಲು ಕಂಪನಿ ಕೊಟ್ಟ ಪೈಪಿನ, ಅಂದರೆ ಸ್ನಾರ್ಕೆಲ್‌ನ, ಒಳಗಿನ ಅಗಲ 40 ಮಿ.ಮೀ. ಇದರಲ್ಲಿ ನಾಲ್ಕು ಬಗೆ ಹಾಕಿ ನೋಡಿದ್ದೇನೆ: ಕಂಪನಿ ಮುಚ್ಚಳ ಇದ್ದ ಹಾಗೇ, ಮುಚ್ಚಳವನ್ನು ಪೂರ್ತಿ ತೆಗೆದು, ಮುಚ್ಚಳಕ್ಕೆ ತೂತು ಕೊರೆದು ನೀರು ಹೀರದ ಬಟ್ಟೆ ಹೊದಿಸಿ, ಮತ್ತೆ ಸ್ನಾರ್ಕೆಲ್ ಜಾಗದಲ್ಲಿ ದಪ್ಪ ಪೈಪ್ ಕೂರಿಸಿ.

ಅಳೆದದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. "ಪಿಕಪ್ ಬಂತು" ಅನ್ನುವ ಅನಿಸಿಕೆಯನ್ನು ನಾನು ನಂಬುವುದಿಲ್ಲ. ಮುಚ್ಚಳ ತೆರೆದ ಕೂಡಲೇ ಗಾಳಿ ಎಳೆಯುವ ಸದ್ದು ಜೋರಾಗುತ್ತದೆ, ಸದ್ದು ಜೋರಾದರೆ ಗಾಡಿಯೂ ಜೋರಾಗಿ ಹೋದಂತೆ ಅನಿಸುತ್ತದೆ. ಅದಕ್ಕೆ ಒಂದು ತೆಳು ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಬಗ್ಗಿಸಿ ಹಲಗೆಗೆ ಕಟ್ಟಿದೆ, ಬಣ್ಣದ ನೀರು ಹಾಕಿದೆ, ಒಂದು ತುದಿಯನ್ನು ಫಿಲ್ಟರ್‌ಗಿಂತ ಮುಂಚೆ ಏರ್‌ಬಾಕ್ಸ್ ಒಳಕ್ಕೆ ತೂರಿಸಿದೆ, ಇನ್ನೊಂದನ್ನು ಹೊರಗೆ ತೆರೆದು ಬಿಟ್ಟೆ. ಥ್ರಾಟಲ್ ಪೂರ್ತಿ ತಿರುಗಿಸಿ ಎಳೆಯುವಾಗ ಎರಡು ಕಡೆಯ ನೀರಿನ ಮಟ್ಟದಲ್ಲಿ ಎಷ್ಟು ವ್ಯತ್ಯಾಸ ಬರುತ್ತದೋ ಅಷ್ಟು ತಡೆ ಮುಚ್ಚಳದಲ್ಲಿದೆ ಅಂತ ಅರ್ಥ. ಕ್ಯಾಮೆರಾ ಕಟ್ಟಿ ಆಮೇಲೆ ನೋಡಿಕೊಳ್ಳಿ, ಓಡಿಸುತ್ತಾ ಬಗ್ಗಿ ನೋಡಬೇಡಿ. ಇದು ಸರಾಸರಿಯನ್ನು ಮಾತ್ರ ತೋರಿಸುತ್ತದೆ, ಪಿಸ್ಟನ್ ಒಮ್ಮೊಮ್ಮೆ ಎಳೆಯುವ ಜಗ್ಗು ಇದರಲ್ಲಿ ಕಾಣುವುದಿಲ್ಲ. ಆದರೂ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಲು ಸಾಕು.

ನೀರಿನ ಪರೀಕ್ಷೆ ಇನ್ನೂ ಸರಳ. ಇಂಜಿನ್ ಆಫ್ ಮಾಡಿ ಏರ್‌ಬಾಕ್ಸ್ ಒಳಗೆ ಫಿಲ್ಟರ್ ಸುತ್ತ ಟಿಶ್ಯೂ ಪೇಪರ್ ಅಂಟಿಸಬೇಕು, ಮೇಲಿಂದ, ಪಕ್ಕದಿಂದ, ಹಿಂದಿನ ಚಕ್ರದ ಕಡೆಯಿಂದ ನೀರಿನ ಪೈಪ್ ಹಿಡಿಯಬೇಕು, ಆಮೇಲೆ ಬಿಚ್ಚಿ ಎಲ್ಲಿ ಒದ್ದೆಯಾಗಿದೆ ಅಂತ ನೋಡಬೇಕು. ಟಿಶ್ಯೂ ಎಲ್ಲವನ್ನೂ ತೆಗೆದ ಮೇಲೆಯೇ ಇಂಜಿನ್ ಶುರು ಮಾಡಿ.

ಕಂಪನಿ ಮುಚ್ಚಳದಲ್ಲಿ ವ್ಯತ್ಯಾಸ ಸುಮಾರು 35 ಮಿ.ಮೀ. ಬಂತು. ದೊಡ್ಡದಾಗಿ ಕಾಣುತ್ತದೆ ಅಲ್ವಾ? ಹೊರಗಿನ ಗಾಳಿಯ ಒತ್ತಡ ಇದೇ ಲೆಕ್ಕದಲ್ಲಿ ಸುಮಾರು 10,300 ಮಿ.ಮೀ. ನೀರಿನಷ್ಟು. ಅಂದರೆ ಕಂಪನಿ ಸ್ನಾರ್ಕೆಲ್ ತಿನ್ನುತ್ತಿರುವುದು ಶೇಕಡ ಅರ್ಧಕ್ಕಿಂತ ಕಡಿಮೆ. ಮುಚ್ಚಳ ತೆಗೆದುಬಿಟ್ಟರೆ ಗಾಡಿ ಹಾರಿಹೋಗುತ್ತದೆ ಅನ್ನುವವರು ಈ ಲೆಕ್ಕ ಹಾಕಿ ನೋಡಬೇಕು. ಟಿಶ್ಯೂ ಒಣಗಿಯೇ ಇತ್ತು, ಸ್ನಾರ್ಕೆಲ್ ಬಾಯಿಯ ಕೆಳಗೆ ಮಾತ್ರ ಎರಡು ಹನಿ.

ಹಾಗಾದರೆ ಮುಚ್ಚಳ ತೆರೆದಾಗ ಗಾಡಿಯ ನಡೆ ಬದಲಾಗುವುದೇಕೆ? ಬಹುಪಾಲು ಪೆಟ್ರೋಲ್‌ನಿಂದ. ಹಲವು ಕಾರ್ಬುರೇಟರ್‌ಗಳಲ್ಲಿ ಫ್ಲೋಟ್ ಬೌಲ್‌ನ (ಪೆಟ್ರೋಲ್ ನಿಲ್ಲುವ ಬಟ್ಟಲು) ಗಾಳಿ ಪೈಪ್ ಹೊರಗೆ ತೆರೆದಿರುತ್ತದೆ. ಏರ್‌ಬಾಕ್ಸ್ ಒಳಗೆ ಒತ್ತಡ ಸ್ವಲ್ಪ ಕಡಿಮೆ ಇದ್ದಾಗ ಬೌಲ್‌ನಿಂದ ಪೆಟ್ರೋಲ್ ಸ್ವಲ್ಪ ಜಾಸ್ತಿ ಬರುತ್ತದೆ. ತಡೆ ತೆಗೆದರೆ ಆ ಜಾಸ್ತಿ ನಿಂತು ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತದೆ. ಮೊದಲು ರಿಚ್ (ಪೆಟ್ರೋಲ್ ಜಾಸ್ತಿ) ಇದ್ದ ಗಾಡಿಗೆ ಇದರಿಂದ ಚುರುಕು ಬರುತ್ತದೆ. ಮೊದಲೇ ಲೀನ್ ಇದ್ದರೆ ಇಂಜಿನ್ ಬಿಸಿಯಾಗುತ್ತದೆ, ಥ್ರಾಟಲ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಅನ್ನುತ್ತದೆ, ಹಾಗೇ ಓಡಿಸಿದರೆ ಪಿಸ್ಟನ್‌ಗೆ ಕುತ್ತು. ಆದ್ದರಿಂದ ಮುಚ್ಚಳ ಮುಟ್ಟಿದರೆ ಜೆಟ್ಟನ್ನೂ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಅಳತೆಯ ತೂತು, ನಂಬರ್ ಏರಿದಷ್ಟೂ ಪೆಟ್ರೋಲ್ ಜಾಸ್ತಿ) ಮುಟ್ಟಲು ಸಿದ್ಧರಿರಿ. ಸುಮ್ನೆ ತೂತು ಕೊರೆದು ಓಡಿಸಬೇಡಿ.

ಮುಚ್ಚಳ ಪೂರ್ತಿ ತೆಗೆದಾಗ ನೀರಿನ ಮಟ್ಟ ಹೆಚ್ಚುಕಡಿಮೆ ಸಮ ನಿಂತಿತು. ಗಾಳಿಯ ವಿಷಯಕ್ಕೆ ಇದೇ ಮೊದಲು. ಆದರೆ ಮೇನ್ ಜೆಟ್ ಎರಡು ನಂಬರ್ ಏರಿಸಬೇಕಾಯಿತು, ಆಮೇಲೂ ಕಡಿಮೆ ಥ್ರಾಟಲ್‌ನಲ್ಲಿ ಮುಗ್ಗರಿಸುವುದು ನಿಲ್ಲಲಿಲ್ಲ. ಪೆಟ್ಟಿಗೆಯೊಳಗೆ ನಿಂತ ಗಾಳಿಗೂ ಒಂದು ಕೆಲಸ ಇದೆ: ಪಿಸ್ಟನ್‌ನ ಜಗ್ಗನ್ನು ಹದ ಮಾಡುತ್ತದೆ, ಎದುರುಗಾಳಿಯ ಹೊಡೆತ ಕಾರ್ಬುರೇಟರ್‌ಗೆ ತಾಕದಂತೆ ನೋಡಿಕೊಳ್ಳುತ್ತದೆ. ನೀರಿನ ಪರೀಕ್ಷೆಯಲ್ಲಿ ಟಿಶ್ಯೂ ಮುದ್ದೆಯಾಗಿತ್ತು. ಹಿಂದಿನ ಚಕ್ರ ಎರಚಿದ ಕೆಸರು ಸೀದಾ ಫಿಲ್ಟರ್ ಮೇಲೆ ಬೀಳುತ್ತದೆ. ಎಣ್ಣೆ ಹಚ್ಚಿದ ಫೋಮ್ ಹನಿಗಳನ್ನು ಸ್ವಲ್ಪ ತಡೆಯುತ್ತದೆ, ಸುರಿಯುವ ನೀರನ್ನು ತಡೆಯುವುದಿಲ್ಲ. ಒಣ ಮರಳಿನಲ್ಲಿ ರೇಸ್ ಮಾಡಿ ಪ್ರತಿ ಸುತ್ತಿನ ನಂತರ ಫಿಲ್ಟರ್ ತೊಳೆಯುವವರಿಗೆ ಇದು ಸರಿ. ಬೇರೆಯವರು ಇದನ್ನು ಬಿಡಿ.

ನೀರಿನ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಒಂದು ಲೆಕ್ಕ ಇದೆ. 400 ಸಿಸಿ ಇಂಜಿನ್, ಕಂಪ್ರೆಶನ್ 10:1 ಅಂದುಕೊಳ್ಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 44 ಮಿ.ಲೀ. ಮೂರು ದೊಡ್ಡ ಚಮಚ ನೀರು ಸಿಲಿಂಡರ್ ಒಳಗೆ ಹೋದರೆ ಆ ಜಾಗ ತುಂಬಿಹೋಗುತ್ತದೆ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಆದ್ದರಿಂದ ಬಗ್ಗುವುದು ಕನೆಕ್ಟಿಂಗ್ ರಾಡ್. ನೀರು ನುಂಗಿತು ಅನ್ನುವ ಅನುಮಾನ ಬಂದರೂ ಸೆಲ್ಫ್ ಒತ್ತಬೇಡಿ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ಇಂಜಿನ್ ತಿರುಗಿಸಿ ನೀರು ಹೊರಹಾಕಿ, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದೆಯಾ ನೋಡಿ.

ಮೂರನೆಯದು ತೂತು ಮತ್ತು ಬಟ್ಟೆ. ಹೆಚ್ಚಿನವರು ಮಾಡುವುದು ಇದನ್ನೇ. ಸುಜುಕಿ ಡಿಆರ್‌ಝಡ್400 ಬೈಕ್‌ನವರಲ್ಲಿ ಏರ್‌ಬಾಕ್ಸ್ ಮೇಲೆ 3 ಇಂಚು ಉದ್ದ, 3 ಇಂಚು ಅಗಲದ ಕಿಂಡಿ ಕತ್ತರಿಸುವ ರೂಢಿ ಇದೆ, ಅದನ್ನು ನೋಡಿ ಎಟಿವಿಯಲ್ಲೂ ಅಷ್ಟೇ ಕತ್ತರಿಸುವವರಿದ್ದಾರೆ. ಅಷ್ಟು ಬೇಕಾಗಿಲ್ಲ. ಬಾಯಿಯ ವಿಸ್ತಾರ ಎರಡು ಪಟ್ಟಾದರೆ ತಡೆ ಹತ್ತಿರ ಹತ್ತಿರ ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಎರಡು ಪಟ್ಟಿನಲ್ಲೇ ಮುಕ್ಕಾಲು ಲಾಭ ಕೈಗೆ ಬಂತು, ಅಲ್ಲಿಂದ ಮುಂದೆ ಕತ್ತರಿಸಿದ್ದೆಲ್ಲ ನೀರಿಗೆ ದಾರಿ ಅಷ್ಟೇ. ನಾನು ಸ್ನಾರ್ಕೆಲ್ ಉಳಿಸಿಕೊಂಡು 30 ಮಿ.ಮೀ.ಯ ನಾಲ್ಕು ತೂತು ಕೊರೆದೆ, ಮೇಲೆ ಬಟ್ಟೆ ಹೊದಿಸಿದೆ. ಬಟ್ಟೆ ಹೊಸದಿದ್ದಾಗ 8 ಮಿ.ಮೀ. ಸುತ್ತಮುತ್ತ ಬಂತು, ಒಂದು ನಂಬರ್ ಮೇಲಿನ ಜೆಟ್ ಸಾಕಾಯಿತು, ಗಾಡಿ ಚೆನ್ನಾಗಿಯೇ ಓಡಿತು.

ತೊಂದರೆ ಶುರುವಾದದ್ದು ಕೆಸರಿನಲ್ಲಿ. ಈ ಬಟ್ಟೆ ಮಳೆಹನಿಯನ್ನು ಜಾರಿಸಿಬಿಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಸರು ಮೆತ್ತಿಕೊಂಡರೆ ಅಲ್ಲೇ ಒಣಗಿ ಗಟ್ಟಿ ಪದರವಾಗುತ್ತದೆ, ಆಗ ನನ್ನ ಪೈಪಿನ ನೀರು ಕಂಪನಿ ಮುಚ್ಚಳಕ್ಕಿಂತ ಜಾಸ್ತಿ ವ್ಯತ್ಯಾಸ ತೋರಿಸಿತು. ಯಾವ ಗಾಳಿಗಾಗಿ ಕೊರೆದೆವೋ ಅದೇ ನಿಂತುಹೋಗುತ್ತದೆ, ಮೇಲೆ ಜೆಟ್ ಏರಿಸಿರುವುದರಿಂದ ಗಾಡಿ ರಿಚ್ ಆಗಿ ಹೊಗೆ ಬಿಡುತ್ತದೆ. ಪೈಪಿನ ನೀರನ್ನು ಜೋರಾಗಿ ನೇರ ಹಿಡಿದಾಗ ಬಟ್ಟೆ ಮೂಲಕ ಒಳಗೂ ಬಂತು. ಸ್ಟೀಲ್ ಜಾಲರಿ ಹಾಕಿದರೂ ಅಷ್ಟೇ: ಜಾಲರಿಯಲ್ಲಿ ಅರ್ಧ ಜಾಗ ತಂತಿಯೇ ಇದ್ದರೆ ನೀವು ಕೊರೆದ ತೂತು ಅರ್ಧದಷ್ಟೇ ಅಂತ ಲೆಕ್ಕ.

ಇನ್ನೊಂದು ವಿಷಯ ಕೊರೆಯುವ ಮುಂಚೆಯೇ ಗೊತ್ತಿರಬೇಕು. ಈ ಮುಚ್ಚಳಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಇದಕ್ಕೆ ಎಪಾಕ್ಸಿ, ಸಿಲಿಕೋನ್ ಯಾವುದೂ ಗಟ್ಟಿಯಾಗಿ ಅಂಟುವುದಿಲ್ಲ, ಅದಕ್ಕೇ ಬೇಡವಾದ ತೂತನ್ನು ಮುಚ್ಚುವುದು ಕಷ್ಟ. ರಬ್ಬರ್ ಬಿರಡೆ ಅಥವಾ ಬೋಲ್ಟ್ ಹಾಕಿದ ತಗಡು ಮಾತ್ರ ನಿಲ್ಲುತ್ತದೆ. ಹಳೆಯ ಮುಚ್ಚಳ ಒಂದು ಸಿಕ್ಕಿದರೆ ಅದರ ಮೇಲೆ ಕೆಲಸ ಮಾಡಿ, ಮೂಲದ್ದನ್ನು ಎತ್ತಿಡಿ. ಮುಚ್ಚಳವನ್ನು ಗಾಡಿಯಿಂದ ಬಿಚ್ಚಿಯೇ ಕೊರೆಯಿರಿ, ಪ್ಲಾಸ್ಟಿಕ್ ಚೂರು ಏರ್‌ಬಾಕ್ಸ್ ಒಳಗೆ ಬೀಳಬಾರದು. ಅಂಚನ್ನು ಅರದಿಂದ ಗುಂಡಗೆ ಉಜ್ಜಿ, ಚೂಪು ಅಂಚಿಗಿಂತ ಗುಂಡು ಅಂಚಿನಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತದೆ.

ನಾಲ್ಕನೆಯದೇ ನನ್ನ ಗಾಡಿಯಲ್ಲಿ ಈಗ ಇರುವುದು. ಕಂಪನಿ ಸ್ನಾರ್ಕೆಲ್ ತೆಗೆದು ಅದರ ಜಾಗದ ತೂತನ್ನೇ ದೊಡ್ಡದು ಮಾಡಿ 63 ಮಿ.ಮೀ. ಪಿವಿಸಿ ಪೈಪ್ ಕೂರಿಸಿದೆ. ಅದರ ಒಳ ಅಗಲ ಸುಮಾರು 58 ಮಿ.ಮೀ., ಅಂದರೆ ವಿಸ್ತಾರ ಹಳೆಯದರ ಎರಡು ಪಟ್ಟು. ಪೈಪ್ ಸೀಟಿನ ಮುಂದೆ ಮೇಲಕ್ಕೆ ಹೋಗುತ್ತದೆ, ತುದಿಯಲ್ಲಿ ಎರಡು ಎಲ್ಬೋ ಹಾಕಿ ಬಾಯಿ ಕೆಳಗೆ, ಹಿಂದಕ್ಕೆ ಮುಖ ಮಾಡುವಂತೆ ತಿರುಗಿಸಿದೆ. ರೇಡಿಯೇಟರ್‌ನ ಬಿಸಿಗಾಳಿ ಬರುವ ಕಡೆ ಬಾಯಿ ಇಡಲಿಲ್ಲ. ತಿರುವುಗಳು ಸ್ವಲ್ಪ ತಿನ್ನುತ್ತವೆ, ಅಳೆದಾಗ 12 ಮಿ.ಮೀ. ಹತ್ತಿರ ಬಂತು. ಹೊಸ ಬಟ್ಟೆಯ 8ಕ್ಕಿಂತ ಇದು ಜಾಸ್ತಿ, ನಿಜ. ಆದರೆ ಕೆಸರಿನಲ್ಲಿ ಓಡಿಸಿ ಬಂದ ಮೇಲೂ ಅದು 12ರಲ್ಲೇ ಇತ್ತು. ನನಗೆ ಬೇಕಾದದ್ದು ಅದೇ. ಒಮ್ಮೆ ಹಾಕಿದ ಜೆಟ್ ಎಲ್ಲ ದಿನವೂ ಹೊಂದಬೇಕು.

ಟಿಶ್ಯೂ ಎಲ್ಲಾ ಕಡೆ ಒಣಗಿತ್ತು. ನೀರು ಮೇಲಕ್ಕೆ ಹತ್ತಿ, ತಿರುಗಿ, ಮತ್ತೆ ಕೆಳಗಿಳಿಯಬೇಕು, ಎರಚಿದ ಕೆಸರಿಗೆ ಅದು ಆಗದ ಕೆಲಸ. ಇಲ್ಲಿ ನೀರನ್ನು ತಡೆಯುತ್ತಿರುವುದು ದಾರಿಯ ಆಕಾರ, ತೊಳೆಯಬೇಕಾದ ಬಟ್ಟೆಯಲ್ಲ. ಜೆಟ್ ಒಂದು ನಂಬರ್ ಏರಿಸಿದೆ. ಸದ್ದು ಕಂಪನಿಯದಕ್ಕಿಂತ ತುಸು ಜಾಸ್ತಿ, ಬಟ್ಟೆಯದಕ್ಕಿಂತ ಕಡಿಮೆ. ಕೆಲಸ ಜಾಸ್ತಿ ಹಿಡಿಯುತ್ತದೆ, ಸೀಟಿನ ಕೆಳಗೆ ಜಾಗ ಇಲ್ಲದ ಗಾಡಿಯಲ್ಲಿ ಪೈಪ್ ತಿರುಗಿಸುವುದೇ ಒಂದು ಪಜೀತಿ. ಪೈಪ್ ಮುಚ್ಚಳವನ್ನು ತೂರುವ ಜಾಗದಲ್ಲಿ ರಬ್ಬರ್ ಗ್ರೊಮೆಟ್ ಬಿಗಿಯಾಗಿ ಕೂರಬೇಕು, ಇಲ್ಲಿ ಅಂಟನ್ನು ನಂಬಬೇಡಿ.

ಪೈಪ್ ಎತ್ತರಕ್ಕೆ ಹೋಯಿತು ಅಂತ ಅಷ್ಟು ಆಳದ ನೀರಿಗೆ ಇಳಿಯಬೇಡಿ. ಮುಚ್ಚಳದ ಸುತ್ತಲಿನ ಸೀಲ್, ಏರ್‌ಬಾಕ್ಸ್ ತಳದ ಡ್ರೈನ್ ಬಿರಡೆ, ಕ್ರ್ಯಾಂಕ್‌ಕೇಸ್ ಬ್ರೀದರ್ (ಇಂಜಿನ್ ತಳದ ಗಾಳಿ ಪೈಪ್), ಬೆಲ್ಟ್ ಗಾಡಿಯಾದರೆ ಬೆಲ್ಟ್ ಪೆಟ್ಟಿಗೆಗೆ ಗಾಳಿ ಹೋಗುವ ಪೈಪ್, ಇವುಗಳಲ್ಲಿ ಯಾವುದು ಕೆಳಗಿದೆಯೋ ಅಲ್ಲಿಗೇ ನಿಮ್ಮ ಮಿತಿ. ಕಾರ್ಬುರೇಟರ್ ವೆಂಟ್ ಪೈಪುಗಳ ತುದಿ ನೀರಿನಲ್ಲಿ ಮುಳುಗಿದರೂ ಪೆಟ್ರೋಲ್ ಸರಿಯಾಗಿ ಹರಿಯದೆ ಇಂಜಿನ್ ನಡುನೀರಿನಲ್ಲೇ ನಿಲ್ಲಬಹುದು. ಅವನ್ನೂ ಮೇಲಕ್ಕೆ ಕಟ್ಟಿ. ಸೀಲ್ ಪಟ್ಟಿಗೂ ಫಿಲ್ಟರ್ ಅಂಚಿಗೂ ಗ್ರೀಸ್ ಸವರಿ. ಫಿಲ್ಟರ್ ದಾಟಿದ ಮೇಲಿನ ರಬ್ಬರ್ ಬೂಟ್ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಧೂಳು ಹತ್ತಿದರೆ ಮುಚ್ಚಳದ ಕೆಲಸ ಬದಿಗಿಟ್ಟು ಮೊದಲು ಅದನ್ನು ಸರಿಮಾಡಿ.

ಫ್ಯೂಯಲ್ ಇಂಜೆಕ್ಷನ್ ಗಾಡಿಯವರಿಗೆ ಜೆಟ್ ಗೋಜಿಲ್ಲ, ಆದರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲವನ್ನೂ ತಾನೇ ಸರಿದೂಗಿಸುತ್ತದೆ ಅಂದುಕೊಳ್ಳಬೇಡಿ. ಥ್ರಾಟಲ್ ಎಷ್ಟು ತೆರೆದಿದೆ, ಇಂಜಿನ್ ಎಷ್ಟು ವೇಗದಲ್ಲಿದೆ ಅನ್ನುವುದನ್ನು ಮಾತ್ರ ನೋಡಿ ಪೆಟ್ರೋಲ್ ಕೊಡುವ ಗಾಡಿಗೆ ಮುಚ್ಚಳ ಬದಲಾದದ್ದು ತಿಳಿಯುವುದೇ ಇಲ್ಲ. ದಪ್ಪ ಪೈಪಿನಷ್ಟು ಸಣ್ಣ ಬದಲಾವಣೆಯಾದರೂ ಮಿಶ್ರಣ ಸರಿಯಿದೆಯಾ ಅಂತ ಸ್ಪಾರ್ಕ್ ಪ್ಲಗ್ ಬಣ್ಣ ನೋಡಿಕೊಳ್ಳಿ. ಮುಚ್ಚಳ ತೆಗೆಯುವುದಾದರೆ ಫ್ಯೂಯಲ್ ಕಂಟ್ರೋಲರ್ (ಪೆಟ್ರೋಲ್ ಪ್ರಮಾಣ ಹೊಂದಿಸುವ ಸಾಧನ) ಬೇಕಾಗಬಹುದು.

ಒಣ ನೆಲದಲ್ಲಷ್ಟೇ ಓಡಿಸಿ ಬಟ್ಟೆ ತೊಳೆಯಲು ಬೇಸರಪಡದವರು ಮೂರನೆಯದನ್ನು ಹಾಕಿಕೊಳ್ಳಬಹುದು. ಕೆಸರು, ಹಳ್ಳ, ಮಳೆ ಇದ್ದರೆ ದಪ್ಪ ಪೈಪ್. ಇಂಜಿನ್, ಸೈಲೆನ್ಸರ್ ಎಲ್ಲಾ ಕಂಪನಿಯದ್ದೇ ಆಗಿದ್ದರೆ ಮೊದಲು ಫಿಲ್ಟರ್ ತೊಳೆದು ಹೊಸ ಎಣ್ಣೆ ಹಚ್ಚಿ ಓಡಿಸಿ ನೋಡಿ. ಯು ಪೈಪಿನ ತುದಿಯನ್ನು ಫಿಲ್ಟರ್ ಆಚೆಗೆ ಹಾಕಿ ಅಳೆದಾಗ, ಕೊಳೆಯಾದ ಫೋಮ್ ಒಂದೇ ಕಂಪನಿ ಮುಚ್ಚಳಕ್ಕಿಂತ ಜಾಸ್ತಿ ತಡೆ ತೋರಿಸಿತ್ತು.