ರೋಗ್ ಆಡುವುದಕ್ಕೆ ಡಿವಿನಿಟಿಯೋ, ಬಾಲ್ಡರ್ಸ್ ಗೇಟೋ?

ಸರದಿಯ ಮೇಲೆ ನಡೆಯುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ನಾನು ಸದಾ ಆರಿಸಿಕೊಳ್ಳುವುದು ರೋಗ್ ಪಾತ್ರವನ್ನೇ, ಅಂದರೆ ಅಡಗಿ ಬಂದು ಹಿಂದಿನಿಂದ ಇರಿಯುವ ಕಳ್ಳನನ್ನು. ಆ ಹುಚ್ಚಿನಲ್ಲಿಯೇ 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಅನ್ನು ರಿಯಾಯಿತಿಗೂ ಕಾಯದೆ ಪೂರ್ತಿ ಬೆಲೆಗೆ ಕೊಂಡೆ. ಕೆಲವು ತಿಂಗಳ ನಂತರ, ಅದೇ ಲೇರಿಯನ್ ಸಂಸ್ಥೆ 2017ರಲ್ಲಿ ತಂದಿದ್ದ ಡಿವಿನಿಟಿ: ಒರಿಜಿನಲ್ ಸಿನ್ 2 ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಆಡಿದಾಗ, ರೋಗ್‌ನ ಮಟ್ಟಿಗೆ ನನಗೆ ಬೇಕಾಗಿದ್ದದ್ದು ಈ ಹಳೆಯ ಆಟವೇ ಎಂಬುದು ಅರ್ಥವಾಯಿತು. ಕಥೆಯಲ್ಲಿ ಹೊಸದೇ ಮೇಲು. ಅದರಲ್ಲಿ ನನಗೆ ತಕರಾರಿಲ್ಲ.

ಡಿವಿನಿಟಿಯಲ್ಲಿ ಕಠಾರಿ ಹಿಡಿದು ಶತ್ರುವಿನ ಹಿಂದೆ ನಿಂತು ಹೊಡೆದರೆ, ತಗುಲಿದ ಏಟು ಖಚಿತವಾಗಿ ಕ್ರಿಟಿಕಲ್ ಆಗುತ್ತದೆ, ಅಂದರೆ ಮಾಮೂಲಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಅದಕ್ಕೆ ಅಡಗಿರಬೇಕೆಂಬ ಷರತ್ತಿಲ್ಲ. ಸರದಿಗೆ ಸಾಮಾನ್ಯವಾಗಿ ಸಿಗುವ 4 ಆ್ಯಕ್ಷನ್ ಪಾಯಿಂಟ್‌ಗಳಲ್ಲಿ ಒಂದನ್ನು ಬ್ಯಾಕ್‌ಲ್ಯಾಷ್ ಎಂಬ ಕೌಶಲಕ್ಕೆ ಕೊಟ್ಟರೆ ರೋಗ್ ನೆಗೆದು ಶತ್ರುವಿನ ಬೆನ್ನಿಗೇ ಇರಿಯುತ್ತಾನೆ, ಮತ್ತೊಂದು ಏಟಿಗೆ 2 ಹೋಗುತ್ತದೆ, ಉಳಿದ ಒಂದರಲ್ಲಿ ಜಾಗ ಬದಲಿಸಬಹುದು. ಯುದ್ಧದ ನಡುವೆ ಅಡಗಬೇಕೆಂದರೆ ಮಾತ್ರ, ಅಡಗುವುದನ್ನು ಅಗ್ಗವಾಗಿಸುವ ಗೆರಿಲ್ಲಾ ಟ್ಯಾಲೆಂಟ್ ಇಲ್ಲದವನು 4 ಪಾಯಿಂಟ್‌ಗಳನ್ನೂ ತೆರಬೇಕು. ಇರಿತ ಅಗ್ಗ, ಅಡಗುವಿಕೆ ದುಬಾರಿ. ಇರಿದವನು ಶತ್ರುಗಳ ನಡುವೆಯೇ ಬಯಲಲ್ಲಿ ನಿಂತಿರುತ್ತಾನಾದ್ದರಿಂದ ಆ ಅಗ್ಗಕ್ಕೂ ಒಂದು ದಂಡ ಇದ್ದೇ ಇದೆ. ಗೋಡೆಗೆ ಒರಗಿ ನಿಂತ ಶತ್ರುವಿನ ಎದುರು ಅವನು ಪೆಚ್ಚಾಗುವುದೂ ಉಂಟು.

ಬಾಲ್ಡರ್ಸ್ ಗೇಟ್‌ನಲ್ಲಿ ಲೆಕ್ಕ ತಿರುಗುಮುರುಗು. ರೋಗ್‌ನ ಏಟಿಗೆ ಹೆಚ್ಚುವರಿ ಹಾನಿ ಸೇರಿಸುವ ಸ್ನೀಕ್ ಅಟ್ಯಾಕ್ ಸರದಿಗೊಮ್ಮೆ ಮಾತ್ರ. ಆ ಹಾನಿಗೆ ಉರುಳಿಸುವುದು ಮೊದಲ ಹಂತದಲ್ಲಿ ಆರು ಮುಖದ ಒಂದು ದಾಳ, 12ನೇ ಹಂತಕ್ಕೆ 6 ದಾಳ. ಆದರೆ ಗುರಿಯಿಂದ ಒಂದೂವರೆ ಮೀಟರಿನೊಳಗೆ ಜೊತೆಗಾರನೊಬ್ಬನಿದ್ದರೆ ಅಡಗದೆಯೂ ಅದು ಸಿಗುತ್ತದೆಯಾದ್ದರಿಂದ, ಯುದ್ಧ ಶುರುವಾದ ಮೇಲೆ ನೆರಳಿಗೆ ಅಷ್ಟಾಗಿ ಬೆಲೆಯಿಲ್ಲ. ಬೆಲೆಯೆಲ್ಲ ಯುದ್ಧಕ್ಕೆ ಮುಂಚೆ: ಬೆಚ್ಚಿಬಿದ್ದ ಶತ್ರು ತನ್ನ ಮೊದಲ ಸರದಿಯನ್ನೇ ಕಳೆದುಕೊಳ್ಳುತ್ತಾನೆ, ಅಸಾಸಿನ್ ಉಪವರ್ಗ ತೆಗೆದುಕೊಂಡಿದ್ದರೆ ಅವನ ಮೇಲೆ ಬಿದ್ದ ಏಟು ಕ್ರಿಟಿಕಲ್ ಆಗುತ್ತದೆ.

ನನ್ನ ತಾಳ್ಮೆ ಕೆಟ್ಟದ್ದು ಇಲ್ಲಿಯೇ. ನನ್ನ ಗುಂಪಿನ ರೋಗ್ ಆದ ಆಸ್ಟೇರಿಯನ್‌ನನ್ನು ಉಳಿದವರಿಂದ ಬಿಡಿಸಿ, ಕಾವಲುಗಾರರ ನೋಟದ ಕೆಂಪು ಪಟ್ಟಿ ಅತ್ತ ಸರಿಯುವವರೆಗೆ ಕಾದು, ಎತ್ತರದ ಜಾಗಕ್ಕೆ ಹತ್ತಿಸಿ ಬಾಣ ಬಿಟ್ಟರೆ, ಯುದ್ಧದೊಳಗೆ ಹೋಗುವುದು ಅವನೊಬ್ಬನೇ. ಉಳಿದ ಮೂವರು ದೂರದಲ್ಲಿ, ಸರದಿಯ ಪಟ್ಟಿಯಲ್ಲಿ ಹೆಸರೂ ಇಲ್ಲದೆ, ಮದುವೆ ಮನೆಯಲ್ಲಿ ಊಟಕ್ಕೆ ಕರೆಯದ ನೆಂಟರಂತೆ ನಿಂತಿರುತ್ತಾರೆ. ಅವರನ್ನು ಒಬ್ಬೊಬ್ಬರನ್ನಾಗಿ ಒಳಗೆ ನಡೆಸಿಕೊಂಡು ಬರಬೇಕು.

ನಾನು ಅದನ್ನು ಮತ್ತೆ ಮತ್ತೆ ಮರೆತೆ. ಗಾಬ್ಲಿನ್ ಶಿಬಿರದಲ್ಲಿ ಅಭ್ಯಾಸಬಲದಿಂದ ಸರದಿ ಮುಗಿಸುವ ಗುಂಡಿ ಒತ್ತಿ, ನನ್ನ ರೋಗ್ ಒಂಟಿಯಾಗಿ ಸಾಯುವುದನ್ನು ಒಂದೇ ರಾತ್ರಿ ಮೂರು ಸಲ ನೋಡಿದೆ. ಮೊದಲ ಬಾಣವೇ ಗುರಿ ತಪ್ಪಿದರೆ ಕಾಲು ಗಂಟೆಯ ಸಿದ್ಧತೆ ನೀರುಪಾಲು. ಆಮೇಲೆ ಕ್ವಿಕ್ ಸೇವ್ ತೆರೆದು ಮತ್ತೆ ಅದೇ ಮೆಟ್ಟಿಲು ಹತ್ತುವುದು. ಇಡೀ ಸಂಜೆ ಕೈಯಲ್ಲಿರುವವರಿಗೆ ಇದೇ ಆಟದ ರುಚಿಯಿರಬಹುದು. ಮನೆಯವರೆಲ್ಲ ಮಲಗಿದ ಮೇಲೆ ಒಂದು ಗಂಟೆ ಆಡುವ ನನಗೆ ಅಲ್ಲ.

ಪಾತ್‌ಫೈಂಡರ್: ರಾತ್ ಆಫ್ ದಿ ರೈಟಿಯಸ್ ಎಂಬ ಇನ್ನೊಂದು ರೋಲ್‌ಪ್ಲೇಯಿಂಗ್ ಆಟವನ್ನೂ ಸ್ವಲ್ಪ ಆಡಿ ನೋಡಿದೆ. ಅಲ್ಲಿ ಇಬ್ಬರು ಸೇರಿ ಒಬ್ಬನನ್ನು ಕೈಗೆಟುಕುವಷ್ಟು ಹತ್ತಿರದಿಂದ ಮುತ್ತಿದರೆ ತಗುಲಿದ ಪ್ರತಿ ಏಟೂ ಸ್ನೀಕ್ ಅಟ್ಯಾಕ್. ಅಡಗುವ ಪ್ರಶ್ನೆಯೇ ಅಪರೂಪ.

ಒಂದೇ ಆಟ ಕೊಳ್ಳುವಷ್ಟು ಹಣವಿದ್ದು, ರೋಗ್ ಆಗಿಯೇ ಆಡಬೇಕೆಂದಿದ್ದರೆ ಡಿವಿನಿಟಿಯನ್ನೇ ಕೊಳ್ಳಿ. ಬಾಲ್ಡರ್ಸ್ ಗೇಟನ್ನು ನಾನೂ ಬಿಟ್ಟಿಲ್ಲ. ನಮ್ಮ ಗುಂಪಿನ ಶಿಬಿರದಲ್ಲಿದ್ದು ಪಾತ್ರಗಳ ವರ್ಗ ಬದಲಿಸಿಕೊಡುವ ವಿದರ್ಸ್‌ಗೆ 100 ಚಿನ್ನದ ನಾಣ್ಯ ಕೊಟ್ಟು ಆಸ್ಟೇರಿಯನ್‌ನನ್ನು ಫೈಟರ್ ಮಾಡಿಸಿಕೊಂಡಿದ್ದೇನೆ.